ಒಂದೇ ಗಂಟೆ, ಎರಡು ಕಾಲಂ: ಹಾನುಬಾಳಿನ ಹುಡುಗನ ಲಾಗ್‌ಬುಕ್ ಪ್ರಕರಣ

ಒಟ್ಟು ಹಾರಾಟ 256.4 ಗಂಟೆ, ಪಿಐಸಿ (ಹೊಣೆ ಹೊತ್ತು ಹಾರಿಸಿದ್ದು) 171.8, ಡ್ಯುಯಲ್ (ಇನ್‌ಸ್ಟ್ರಕ್ಟರ್ ಜತೆ ಕಲಿತದ್ದು) 132.6. ಫ್ಲಾರಿಡಾದಲ್ಲಿ ಪೈಲಟ್ ತರಬೇತಿ ಮುಗಿಸುವ ಹಂತದಲ್ಲಿದ್ದ ಹುಡುಗ ಲಾಗ್‌ಬುಕ್ಕಿನ ಕೊನೆಯ ಪುಟದ ಫೋಟೋ ತೆಗೆದು ಮನೆಗೆ ವಾಟ್ಸಾಪ್ ಮಾಡಿದ. ಮನೆ ಸಕಲೇಶಪುರ ತಾಲ್ಲೂಕಿನ ಹಾನುಬಾಳು ಕಡೆ, ಕಾಫಿ ತೋಟ. ಕೊನೇ ಕಂತಿನ ಡಾಲರ್ ಕಳಿಸುವ ಮುಂಚೆ ಕೆಲಸ ನಿಜವಾಗಿ ಮುಗಿದಿದೆಯೇ ಎಂದು ಅಪ್ಪನಿಗೆ ತಿಳಿಯಬೇಕಿತ್ತು. ಫೋಟೋವನ್ನು ಸರಿಯಾಗಿ ಓದಿದವರು ತೋಟದ ಲೆಕ್ಕ, ಹಾಜರಿ ಬರೆಯುವ ರೈಟರು. ಅವರಿಗೆ ವಿಮಾನದ ವಿಚಾರ ಗೊತ್ತಿಲ್ಲ, ಕೂಡುವುದು ಗೊತ್ತು.

“ಗೌಡ್ರೇ, ಈ ಎರಡು ಕಾಲಂ ಕೂಡಿದ್ರೆ 304.4 ಬರ್ತದೆ. ಒಟ್ಟು ಅಂತ ಬರ್ದಿರೋದು 256.4. ಮಿಕ್ಕಿದ 48 ಗಂಟೆ ಎಲ್ಲಿಂದ ಬಂತು?”

ಚೆಕ್‌ರೋಲ್ ಬರೆಯುವವರ ಕಣ್ಣಿಗೆ ಮೊದಲು ಬೀಳುವುದೇ ಇದು: ಒಂದೇ ಆಳಿನ ಒಂದೇ ದಿನದ ಹಾಜರಿ ಎರಡು ಬ್ಲಾಕಿನ ಲೆಕ್ಕದಲ್ಲಿ ಬಂದಿದೆ. ತೋಟದಲ್ಲಾದರೆ ಇದು ತಪ್ಪು. ಅಮೆರಿಕದ ಲಾಗ್‌ಬುಕ್ಕಿನಲ್ಲಿ ತಪ್ಪಲ್ಲ, ಅಲ್ಲಿನ ಕಾನೂನು ಹಾಗೇ ಬರೆಯಲು ಬಿಡುತ್ತದೆ. ಆದರೆ ಅದೇ ಪುಟ ಭಾರತದಲ್ಲಿ ಪೈಲಟ್ ಲೈಸೆನ್ಸ್ ಕೊಡುವ ಡಿಜಿಸಿಎ ಮುಂದೆ ಬಂದಾಗ ಆ 48 ಗಂಟೆ ಪಿಐಸಿ ಕಾಲಂನಿಂದ ಬಿದ್ದುಹೋಗುತ್ತದೆ.

ಲೆಕ್ಕ ಕಾಣಲಿ ಎಂದು ಕಟ್ಟಿಕೊಂಡ ಮಾದರಿ ಪ್ರಕರಣ ಇದು. ಹುಡುಗ, ಅವನ ಗಂಟೆಗಳು, ಬಾಡಿಗೆ ದರ ಎಲ್ಲ ಮಾದರಿ, ನಿಯಮಗಳು ನಿಜವಾದವು. ಅವೂ ತಿದ್ದುಪಡಿ ಆಗುತ್ತಿರುತ್ತವೆ, ಅರ್ಜಿ ಹಾಕುವ ಕಾಲಕ್ಕೆ ಏನು ಜಾರಿಯಲ್ಲಿದೆ ಎಂದು ಮತ್ತೊಮ್ಮೆ ತೆಗೆದು ಓದಿಕೊಳ್ಳಬೇಕು.

ಹೊರಡುವ ಮುಂಚಿನ ಕೆಲಸವನ್ನು ಹುಡುಗ ಅಚ್ಚುಕಟ್ಟಾಗಿಯೇ ಮಾಡಿದ್ದ. ಹಾಸನದಲ್ಲಿ ಫಿಸಿಕ್ಸ್, ಮ್ಯಾಥ್ಸ್ ಇದ್ದ ಪಿಯುಸಿ. ಮೊದಲು ಕ್ಲಾಸ್ 2 ಮೆಡಿಕಲ್, ಆಮೇಲೆ ಬೆಂಗಳೂರಿಗೆ ಹೋಗಿ ಕ್ಲಾಸ್ 1. ಪರೀಕ್ಷೆ ಬರೆಯಲು ಬೇಕಾದ ಡಿಜಿಸಿಎ ಕಂಪ್ಯೂಟರ್ ನಂಬರ್ ಪಡೆದು ನ್ಯಾವಿಗೇಷನ್, ಮೀಟಿಯರಾಲಜಿ, ರೆಗ್ಯುಲೇಷನ್ಸ್ ಪೇಪರ್‌ಗಳನ್ನು ಇಲ್ಲೇ ಬರೆದು ಪಾಸಾಗಿದ್ದ; ಒಂದೊಂದಕ್ಕೂ 70 ಅಂಕ ಬೇಕು. ಈ ಭಾಗದಲ್ಲಿ ವಿಮಾನದ ಕನಸಿಗೆ ಬರವಿಲ್ಲ. 2003ರಲ್ಲಿ ಏರ್ ಡೆಕ್ಕನ್ ಶುರುಮಾಡಿದ ಕ್ಯಾಪ್ಟನ್ ಗೋಪಿನಾಥ್ ಗೊರೂರಿನವರು ಎಂಬುದನ್ನು ಹಾಸನದಲ್ಲಿ ಯಾರೂ ಮರೆಯುವುದಿಲ್ಲ. ಅವರ ಹೆಸರಿನ ಮುಂದಿನ ಕ್ಯಾಪ್ಟನ್ ಸೇನೆಯದು, ಕಾಕ್‌ಪಿಟ್‌ನದ್ದಲ್ಲ ಎಂಬುದನ್ನು ಮಾತ್ರ ಬಹಳ ಜನ ಮರೆತಿರುತ್ತಾರೆ.

ಪಿಐಸಿ ಅಂದರೆ ಯಾರು

ಪೈಲಟ್ ಇನ್ ಕಮಾಂಡ್, ಆ ಹಾರಾಟದ ಹೊಣೆ ಹೊತ್ತವನು. ಇನ್‌ಸ್ಟ್ರಕ್ಟರ್ ಪಕ್ಕದಲ್ಲಿ ಕೂತು ಕಲಿಸಿದರೆ ಅದು ಡ್ಯುಯಲ್, ಹುಡುಗ ಒಬ್ಬನೇ ಹಾರಿಸಿದರೆ ಪಿಐಸಿ. ನಮ್ಮಲ್ಲಿ ಕಲಿತವರ ತಲೆಯಲ್ಲಿ ಇಷ್ಟೇ ಇರುತ್ತದೆ.

ಅಮೆರಿಕದ ವಿಮಾನಯಾನ ಇಲಾಖೆ ಎಫ್‌ಎಎಯ ನಿಯಮ 61.51 ಬೇರೆ ದಾರಿ ಹಿಡಿಯುತ್ತದೆ. ಪ್ರೈವೇಟ್ ಪೈಲಟ್ ಲೈಸೆನ್ಸ್ ಕೈಗೆ ಬಂದ ಮೇಲೆ, ತನಗೆ ರೇಟಿಂಗ್ (ಆ ಬಗೆಯದನ್ನು ಹಾರಿಸುವ ಅನುಮತಿ) ಇರುವ ವಿಮಾನದ ಕಂಟ್ರೋಲ್ ತಾನೊಬ್ಬನೇ ಹಿಡಿದಿದ್ದ ಅಷ್ಟೂ ಹೊತ್ತನ್ನು ಪಿಐಸಿ ಎಂದು ಬರೆದುಕೊಳ್ಳಬಹುದು. ಪಕ್ಕದಲ್ಲಿ ಇನ್‌ಸ್ಟ್ರಕ್ಟರ್ ಇದ್ದು ಪಾಠ ಹೇಳುತ್ತಿದ್ದರೂ ಸರಿ. ಹಾಗಾಗಿ ಮೀಟರ್ ನೋಡಿಯೇ ಹಾರಿಸಲು ಕಲಿಯುವ ಇನ್‌ಸ್ಟ್ರುಮೆಂಟ್ ರೇಟಿಂಗ್‌ನ ಪಾಠ, ಕಮರ್ಷಿಯಲ್ ಲೈಸೆನ್ಸಿನ ಚ್ಯಾಂಡೆಲ್, ಲೇಜಿ ಏಟ್ ಎಂಬ ಹಾರಾಟದ ಕಸರತ್ತುಗಳ ಪಾಠ ಎಲ್ಲವೂ ಡ್ಯುಯಲ್ ಕಾಲಂನಲ್ಲೂ ಬರುತ್ತವೆ, ಪಿಐಸಿ ಕಾಲಂನಲ್ಲೂ ಬರುತ್ತವೆ. ರೈಟರು ಹಿಡಿದ 48 ಗಂಟೆ ಇದೇ.

ಕೂಡಿ ಕಳೆದರೆ ಸಿಗದ ಇನ್ನೊಂದು ಗಂಟು ಇದೆ, ಅದಕ್ಕೆ ಷರಾ ಕಾಲಂ ಓದಬೇಕು. ಇಬ್ಬರು ಪ್ರೈವೇಟ್ ಪೈಲಟ್‌ಗಳು ಸೆಸ್ನಾ 172 ಎಂಬ ಒಂದೇ ಸಣ್ಣ ವಿಮಾನವನ್ನು ಬಾಡಿಗೆಗೆ ತೆಗೆದುಕೊಳ್ಳುತ್ತಾರೆ. ಒಬ್ಬ ಹೊರಗಿನದು ಕಾಣದಂತೆ ಹಣೆಗೆ ಹುಡ್ ಕಟ್ಟಿಕೊಂಡು ಮೀಟರ್‌ಗಳನ್ನಷ್ಟೇ ನೋಡಿ ಹಾರಿಸುತ್ತಾನೆ, ಇನ್ನೊಬ್ಬ ಸೇಫ್ಟಿ ಪೈಲಟ್ ಆಗಿ ಹೊರಗೆ ಕಣ್ಣಿಟ್ಟಿರುತ್ತಾನೆ. ಹಾರಾಟದ ಹೊಣೆಯನ್ನು ಸೇಫ್ಟಿ ಪೈಲಟ್ ಹೊತ್ತಿದ್ದರೆ ಹುಡ್ ಕೆಳಗಿನ ಅಷ್ಟೂ ಹೊತ್ತು ಇಬ್ಬರಿಗೂ ಪಿಐಸಿ. ದುಡ್ಡು ಅರ್ಧರ್ಧ. ಅವರ್ ಬಿಲ್ಡಿಂಗ್‌ಗೆ, ಅಂದರೆ ಹಾರಾಟದ ಗಂಟೆ ಕೂಡಿಸಿಕೊಳ್ಳಲು, ಇದಕ್ಕಿಂತ ಅಗ್ಗದ ದಾರಿ ಇಲ್ಲ, ಭಾರತದ ಹುಡುಗರು ಒಂದೇ ರೂಮಿನಲ್ಲಿ ನಾಲ್ಕು ಜನ ಇರುವಾಗ ಜೋಡಿ ಸಿಗುವುದೂ ಸುಲಭ. ನಮ್ಮ ಹುಡುಗ ಹೀಗೆ 37.8 ಗಂಟೆ ಮಾಡಿದ್ದ: ಹುಡ್ ಕಟ್ಟಿಕೊಂಡು 19.4, ಸೇಫ್ಟಿ ಪೈಲಟ್ ಆಗಿ 18.4. ಗಂಟೆಗೆ 175 ಡಾಲರ್ ಬಾಡಿಗೆಯಲ್ಲಿ ಅರ್ಧ ಎಂದರೆ 3,307 ಡಾಲರ್ ಉಳಿತಾಯ.

172 ಒಬ್ಬನೇ ಪೈಲಟ್ ಹಾರಿಸುವ ವಿಮಾನ. ಅದರೊಳಗೆ ಇಬ್ಬರೂ ಒಂದೇ ಹೊತ್ತಿಗೆ ಪಿಐಸಿ ಎಂಬುದನ್ನು ಭಾರತದ ಲೆಕ್ಕದಲ್ಲಿ ಕೂರಿಸುವುದು ಕಷ್ಟ. 19.4ರಲ್ಲಿ ಹೊಣೆ ಗೆಳೆಯನದು, 18.4ರಲ್ಲಿ ಹ್ಯಾಂಡಲ್ ಗೆಳೆಯನ ಕೈಲಿ. ಎರಡನ್ನೂ ಸೊನ್ನೆ ಎಂದು ಹಿಡಿದು ಯೋಜನೆ ಮಾಡುವುದೇ ಕ್ಷೇಮ.

ಒಡೆದು ನೋಡಿದಾಗ 256.4 ಗಂಟೆ ಹೀಗೆ ನಿಂತಿತು. ಬರೀ ಡ್ಯುಯಲ್ 84.6, ಪ್ರೈವೇಟ್ ಲೈಸೆನ್ಸಿಗೆ ಮುಂಚಿನ ಪಾಠ, ರೇಟಿಂಗ್ ಬರುವ ತನಕದ ಮಲ್ಟಿ ಎಂಜಿನ್ ಪಾಠ ಇದರಲ್ಲಿವೆ. ಡ್ಯುಯಲ್ ಮತ್ತು ಪಿಐಸಿ ಎರಡೂ ಆಗಿರುವುದು 48.0. ಗೆಳೆಯನ ಜತೆ ಹಂಚಿಕೊಂಡದ್ದು 37.8. ಒಬ್ಬನೇ ಹಾರಿದ್ದು 86.0, ಅದರಲ್ಲಿ ಸ್ಟೂಡೆಂಟ್ ಆಗಿದ್ದಾಗಿನ ಸೋಲೋ 14.2. ಭಾರತಕ್ಕೆ ಬೇಕಾದ ಪಿಐಸಿ 100 ಗಂಟೆ. ಕೈಲಿರುವುದು 86.

ಸೆಕ್ಷನ್ ಜೆ ಜತೆ ಒಂದೊಂದಾಗಿ ಹೋಲಿಸಿದಾಗ

ಏರ್‌ಕ್ರಾಫ್ಟ್ ರೂಲ್ಸ್ 1937ರ ಎರಡನೇ ಷೆಡ್ಯೂಲಿನ ಸೆಕ್ಷನ್ ಜೆ ಸಿಪಿಎಲ್‌ಗೆ, ಅಂದರೆ ಕಮರ್ಷಿಯಲ್ ಪೈಲಟ್ ಲೈಸೆನ್ಸಿಗೆ, ಏನೇನು ಬೇಕೆಂದು ಹೇಳುತ್ತದೆ. ಒಟ್ಟು 200 ಗಂಟೆ: ಹಂಚಿಕೊಂಡದ್ದನ್ನು ಪೂರ್ತಿ ತೆಗೆದರೂ 218.6 ಉಳಿಯುತ್ತದೆ, ಚಿಂತೆಯಿಲ್ಲ. ಇನ್‌ಸ್ಟ್ರುಮೆಂಟ್ 10 ಗಂಟೆ, ಅದರಲ್ಲಿ ಸಿಮ್ಯುಲೇಟರ್ 5 ಮೀರಬಾರದು: ಅಮೆರಿಕದ ಇನ್‌ಸ್ಟ್ರುಮೆಂಟ್ ರೇಟಿಂಗ್‌ಗೇ 40 ಗಂಟೆ ಕೇಳುತ್ತಾರೆ, ಇದೂ ಸರಿ. ಕ್ರಾಸ್ ಕಂಟ್ರಿ (ಒಂದು ಊರಿನಿಂದ ಇನ್ನೊಂದಕ್ಕೆ ಹಾರುವುದು) ಪಿಐಸಿ 20 ಗಂಟೆ: ಒಬ್ಬನೇ ಹೋದದ್ದನ್ನಷ್ಟೇ ಎಣಿಸಿದರೂ 31.5 ಇತ್ತು.

ಎಡವಿದ್ದು ಅದರ ಮುಂದಿನ ಸಾಲಿನಲ್ಲಿ. ಆ 20 ಗಂಟೆಯೊಳಗೆ ಕನಿಷ್ಠ 300 ನಾಟಿಕಲ್ ಮೈಲಿಯ ಒಂದು ಹಾರಾಟ ಇರಬೇಕು, ದಾರಿಯಲ್ಲಿ ಎರಡು ಬೇರೆ ಬೇರೆ ಏರೋಡ್ರೋಮ್‌ಗಳಲ್ಲಿ ಫುಲ್ ಸ್ಟಾಪ್ ಲ್ಯಾಂಡಿಂಗ್, ಅಂದರೆ ಇಳಿದು ಪೂರ್ತಿ ನಿಲ್ಲಿಸುವುದು, ಆಗಿರಬೇಕು. ಎಫ್‌ಎಎ ಕಮರ್ಷಿಯಲ್‌ಗೂ 300 ಮೈಲಿಯ ಹಾರಾಟ ಇದೆ. ಅಲ್ಲಿ ಕೇಳುವುದು ಮೂರು ಕಡೆ ಲ್ಯಾಂಡಿಂಗ್, ಅದರಲ್ಲಿ ಒಂದು ಹೊರಟ ಜಾಗದಿಂದ ನೇರ 250 ಮೈಲಿ ದೂರ. ಚಕ್ರ ತಾಗಿಸಿ ಹಾಗೇ ಏರಿದರೂ ಅಲ್ಲಿ ನಡೆಯುತ್ತದೆ. ಹುಡುಗ ನಡುವಿನ ಏರೋಡ್ರೋಮ್‌ನಲ್ಲಿ ಹತ್ತು ನಿಮಿಷ ಉಳಿಸಲು ಟಚ್ ಆಂಡ್ ಗೋ ಮಾಡಿದ್ದ, ಷರಾದಲ್ಲಿ ಪ್ರಾಮಾಣಿಕವಾಗಿ ಬರೆದೂ ಇದ್ದ. ಫುಲ್ ಸ್ಟಾಪ್ ಆದದ್ದು ದೂರದ ತುದಿಯಲ್ಲಿ ಮತ್ತು ವಾಪಸ್ ಬಂದು ಹೊರಟ ಏರೋಡ್ರೋಮ್‌ನಲ್ಲಿ ಮಾತ್ರ. ಆ ಹತ್ತು ನಿಮಿಷದಿಂದ ಇಡೀ ಹಾರಾಟ ಭಾರತದ ಲೆಕ್ಕಕ್ಕೆ ಸಾದಾ ಕ್ರಾಸ್ ಕಂಟ್ರಿ ಆಯಿತು.

ರಾತ್ರಿಯದೂ ಇದೇ ಕತೆ. ನಮ್ಮಲ್ಲಿ ರಾತ್ರಿ 5 ಗಂಟೆ ಬೇಕು, ಪಿಐಸಿ ಆಗಿ 10 ಟೇಕಾಫ್, 10 ಲ್ಯಾಂಡಿಂಗ್ ಬೇಕು. ಎಫ್‌ಎಎಯೂ 5 ಗಂಟೆ, 10 ಲ್ಯಾಂಡಿಂಗ್ ಕೇಳುತ್ತದೆ. ಆದರೆ ಅಲ್ಲಿನ ನಿಯಮ 61.129 ಅದನ್ನು ಒಬ್ಬನೇ ಮಾಡಲೂ ಬಿಡುತ್ತದೆ, ಪಕ್ಕದಲ್ಲಿ ಇನ್‌ಸ್ಟ್ರಕ್ಟರ್ ಇಟ್ಟುಕೊಂಡು ಪಿಐಸಿಯ ಕೆಲಸ ನಿರ್ವಹಿಸಲೂ ಬಿಡುತ್ತದೆ. ಶಾಲೆಗಳಿಗೆ ಎರಡನೆಯದೇ ಇಷ್ಟ. ವಿಮೆಯವರು ರಾತ್ರಿ ಸೋಲೋ ಎಂದರೆ ಹುಬ್ಬು ಗಂಟಿಕ್ಕುತ್ತಾರೆ. ಹುಡುಗ ನಿಜವಾಗಿ ಒಬ್ಬನೇ ರಾತ್ರಿ ಹಾರಿದ್ದು 1.2 ಗಂಟೆ, 3 ಲ್ಯಾಂಡಿಂಗ್.

ಶಾಲೆಗೆ ಕೇಳಿದರೆ ಉತ್ತರ ಒಂದೇ: ಎಫ್‌ಎಎಗೆ ಬೇಕಾದದ್ದೆಲ್ಲ ಆಗಿದೆ. ಅದು ಸುಳ್ಳೂ ಅಲ್ಲ. ಅವರು ಮಾರಿದ್ದು ಅಮೆರಿಕದ ಲೈಸೆನ್ಸ್, ಅದು ಕೈಗೆ ಬಂದಿದೆ. ಭಾರತದ ಪಟ್ಟಿಯನ್ನು ಮೊದಲ ದಿನವೇ ಅವರ ಮೇಜಿನ ಮೇಲಿಡದೆ ಹೋದದ್ದು ಹುಡುಗನ ಕಡೆಯ ಲೋಪ.

ಈ ಹಂತದಲ್ಲಿ ಸೀನಿಯರ್‌ಗಳಿಂದ ಒಂದು ಉಪದೇಶ ಬಂದೇ ಬರುತ್ತದೆ. ಇಂಡಿಯಾದ ಲಾಗ್‌ಬುಕ್ ಹೊಸದಾಗಿ ಬರೆಯುತ್ತೀಯಲ್ಲ, 14 ಗಂಟೆ ಡ್ಯುಯಲ್ ಅನ್ನು ಸೋಲೋ ಅಂತ ಬರಿ, ಯಾರು ನೋಡ್ತಾರೆ? ನೋಡುತ್ತಾರೆ. ಬಾಡಿಗೆ ಬಿಲ್ಲಿನಲ್ಲಿ ಇನ್‌ಸ್ಟ್ರಕ್ಟರ್ ಫೀಸ್ ಬೇರೆ ಸಾಲಾಗಿ ಇರುತ್ತದೆ, ಇನ್‌ಸ್ಟ್ರಕ್ಟರ್ ಕೂಡ ತನ್ನ ಲಾಗ್‌ಬುಕ್ಕಿನಲ್ಲಿ ಅದೇ ಹಾರಾಟ ಬರೆದಿರುತ್ತಾನೆ. 2011ರಲ್ಲಿ ನಕಲಿ ಅಂಕಪಟ್ಟಿ ಕೊಟ್ಟು ಲೈಸೆನ್ಸ್ ಪಡೆದ ಪೈಲಟ್‌ಗಳು ಜೈಲು ಸೇರಿದ ಮೇಲೆ ಹಳೆಯ ಫೈಲುಗಳನ್ನೂ ತೆಗೆದು ನೋಡಿದರು. ಕಡಿಮೆ ಬಿದ್ದ ಗಂಟೆಯನ್ನು ಹಾರಿ ತುಂಬಿಸಬಹುದು. ಸುಳ್ಳು ಬರೆದ ಪುಟಕ್ಕೆ ಮಾತ್ರ ಮುಂದೆ ಯಾವ ಕಂಪನಿಗೆ ಸೇರಿದರೂ ಹೆದರುತ್ತಲೇ ಇರಬೇಕು.

ಐದು ವಾರ

ವೀಸಾಕ್ಕಾಗಿ ಶಾಲೆ ಕೊಟ್ಟ ಐ-20 ಪತ್ರದಲ್ಲಿ ಕೋರ್ಸ್ ಮುಗಿಯಲು ಉಳಿದಿದ್ದು 35 ದಿನ. ವೃತ್ತಿ ತರಬೇತಿಯ ಎಂ-1 ವೀಸಾದಲ್ಲಿ ಇರುವವರು ಅವಧಿ ವಿಸ್ತರಣೆ ಕೇಳುವುದಾದರೆ ಮುಗಿಯುವ ದಿನಕ್ಕೆ ಕನಿಷ್ಠ 15 ದಿನ ಮುಂಚೆ ಅರ್ಜಿ ಹೋಗಬೇಕು. ಅಂದರೆ ಇಪ್ಪತ್ತನೇ ದಿನದ ಹೊತ್ತಿಗೆ ಕೆಲಸ ಎಲ್ಲಿಗೆ ಬಂದಿದೆ ಎಂದು ನೋಡಿ ತೀರ್ಮಾನ ಮಾಡಬೇಕು. ಊರಿಗೆ ಬಂದು ಇಲ್ಲಿ ತುಂಬಿಸಬಹುದಿತ್ತು. ಜಕ್ಕೂರು, ಮೈಸೂರು, ಬೆಳಗಾವಿಯಲ್ಲಿ ತರಬೇತಿ ಶಾಲೆಗಳಿವೆ. ಆದರೆ ಹೊಸ ಶಾಲೆ, ಹೊಸ ವಿಮಾನ, ಹೊಸದಾಗಿ ಚೆಕ್, ಅದರ ಮೇಲೆ ಸರದಿ. ಜೂನ್‌ನಲ್ಲಿ ಇಲ್ಲಿ ಮಳೆ ಬೇರೆ. ಗೊತ್ತಿರುವ ವಿಮಾನದಲ್ಲಿ, ಗೊತ್ತಿರುವ ಆಕಾಶದಲ್ಲಿ ಅಲ್ಲೇ ಮುಗಿಸುವುದು ಎಂದಾಯಿತು.

ಎಷ್ಟು ಹಾರಬೇಕು ಎಂಬುದಕ್ಕೆ 14.0 ಎಂಬ ಉತ್ತರ ಸಾಲದು. ಸೆಕ್ಷನ್ ಜೆ ಪ್ರಕಾರ ಆ 100 ಗಂಟೆಯಲ್ಲಿ 15 ಗಂಟೆ ಅರ್ಜಿಯ ಹಿಂದಿನ 6 ತಿಂಗಳೊಳಗೆ ಆಗಿರಬೇಕು. ಹಾಗಾಗಿ ಗುರಿ 16. ಅದರೊಳಗೇ 300 ಮೈಲಿ, ಅದರೊಳಗೇ ರಾತ್ರಿ. ಒಂದೇ ಗಂಟೆ ಎರಡು ಮೂರು ಅಗತ್ಯ ತೀರಿಸುವುದು ಇಲ್ಲಿ ಮಾತ್ರ ಎರಡೂ ದೇಶಕ್ಕೆ ಒಪ್ಪಿಗೆ.

ಲಾಂಗ್ ಟ್ರಿಪ್ಪಿಗೆ ಮೂರು ಲೆಗ್ ಹಾಕಿದ: 96, 121, 104. ಒಟ್ಟು 321 ನಾಟಿಕಲ್ ಮೈಲಿ. ಮೋಡ ಸುತ್ತಿಕೊಂಡು ಹೋದದ್ದನ್ನು ಯಾರೂ ಎಣಿಸುವುದಿಲ್ಲ, ಅಳೆಯುವುದು ಏರೋಡ್ರೋಮ್‌ನಿಂದ ಏರೋಡ್ರೋಮ್‌ಗೆ; ಹಾಗಾಗಿ 300ಕ್ಕೆ ಸರಿಯಾಗಿ ಹಾಕದೆ ಸ್ವಲ್ಪ ಹೆಚ್ಚೇ ಇಟ್ಟ. ಮೊದಲ ಸಲ ಬೆಳಿಗ್ಗೆ ಹತ್ತೂವರೆಗೆ ಹೊರಟ, ಅದು ತಪ್ಪಾಯಿತು. ಫ್ಲಾರಿಡಾದ ಬೇಸಿಗೆಯಲ್ಲಿ ಎರಡೂ ಕಡೆಯ ಸಮುದ್ರದ ಗಾಳಿ ಒಳನಾಡಿನಲ್ಲಿ ಕೂಡುತ್ತದೆ, ಮಧ್ಯಾಹ್ನದ ಹೊತ್ತಿಗೆ ಗುಡುಗು ಮೋಡ ಗೋಪುರದಂತೆ ಏಳುತ್ತದೆ. ಮೊದಲ ಲೆಗ್ ಅರ್ಧಕ್ಕೆ ಬಿಟ್ಟು ವಾಪಸ್. ಹಾರಿದ 1.9 ಗಂಟೆ ಪಿಐಸಿಗೆ ಸೇರಿತು, ಲಾಂಗ್ ಟ್ರಿಪ್ ಬಾಕಿಯೇ ಉಳಿಯಿತು. ಎರಡನೇ ಸಲ ಬೆಳಿಗ್ಗೆ ಆರೂವರೆಗೆ ಚಕ್ರ ನೆಲ ಬಿಟ್ಟಿತು, ಹನ್ನೊಂದರೊಳಗೆ ವಾಪಸ್. ಎಂಜಿನ್ ಓಡಿದ ಗಂಟೆ ತೋರಿಸುವ ಹಾಬ್ಸ್ ಮೀಟರ್‌ನಲ್ಲಿ 3.6. ಎರಡೂ ಏರೋಡ್ರೋಮ್‌ಗಳಲ್ಲಿ ರನ್‌ವೇ ಬಿಟ್ಟು ಪಂಪಿನ ಹತ್ತಿರ ಎಂಜಿನ್ ನಿಲ್ಲಿಸಿ ಸ್ವಲ್ಪ ಸ್ವಲ್ಪ ಪೆಟ್ರೋಲ್ ಹಾಕಿಸಿದ. ಗಂಟೆಗೆ ಎಂಟೂವರೆ ಗ್ಯಾಲನ್ ಕುಡಿಯುವ ವಿಮಾನಕ್ಕೆ 53 ಗ್ಯಾಲನ್ ತುಂಬಿಸಿ ಹೊರಟವನಿಗೆ ಪೆಟ್ರೋಲ್ ಬೇಕಿರಲಿಲ್ಲ, ರಸೀದಿ ಬೇಕಿತ್ತು. ಜಾಗ, ತಾರೀಖು, ಸಮಯ ಮುದ್ರಿಸಿರುವ ರಸೀದಿಗಿಂತ ಒಳ್ಳೆಯ ಫುಲ್ ಸ್ಟಾಪ್ ಸಾಕ್ಷಿ ಇಲ್ಲ.

ರಾತ್ರಿಗೆ ಶಾಲೆಯ ಮುಖ್ಯ ಇನ್‌ಸ್ಟ್ರಕ್ಟರ್ ಮೊದಲು ಪಕ್ಕದಲ್ಲಿ ಕೂತು 1.1 ಗಂಟೆ ನೋಡಿದರು. ಅದು ಡ್ಯುಯಲ್. ಆಮೇಲೆ ಎರಡು ರಾತ್ರಿ ಒಬ್ಬನೇ: 1.6 ಗಂಟೆಗೆ 5 ಲ್ಯಾಂಡಿಂಗ್, 2.3 ಗಂಟೆಗೆ 6. ಹಳೆಯದೂ ಸೇರಿ ಒಬ್ಬನೇ ಮಾಡಿದ್ದು 5.1 ಗಂಟೆ, 14 ಲ್ಯಾಂಡಿಂಗ್. ಎಲ್ಲವೂ ಫುಲ್ ಸ್ಟಾಪ್, ಟ್ಯಾಕ್ಸಿ ಮಾಡಿಕೊಂಡು ಮತ್ತೆ ರನ್‌ವೇ ತುದಿಗೆ. ಎರಡು ದಿನವೂ ಸೂರ್ಯ ಮುಳುಗಿ ಒಂದು ಗಂಟೆ ಕಳೆದ ಮೇಲೇ ಹೊರಟ. ರಾತ್ರಿ ಎಲ್ಲಿಂದ ಶುರು ಎಂಬುದಕ್ಕೆ ಬೇರೆ ಬೇರೆ ನಿಯಮದಲ್ಲಿ ಬೇರೆ ಬೇರೆ ಗೆರೆ ಇದೆ, ಅಷ್ಟು ಕಾದರೆ ತಕರಾರಿಗೆ ಜಾಗವಿರುವುದಿಲ್ಲ. ಅಲ್ಲಿ ರಾತ್ರಿ 9.30 ಆದಾಗ ಹಾನುಬಾಳಿನಲ್ಲಿ ಬೆಳಿಗ್ಗೆ 7; ಕೂಲಿ ಲೈನಿನ ಮನೆಗಳಿಂದ ಆಳುಗಳು ಹೊರಡುವ ಹೊತ್ತಿಗೆ ಹುಡುಗ ಏರೋಡ್ರೋಮ್ ಸುತ್ತ ಸರ್ಕ್ಯೂಟ್ ಹೊಡೆಯುತ್ತಿದ್ದ.

ಮಿಕ್ಕ 6.8 ಗಂಟೆ ಹಗಲಿನ ಸೋಲೋ, ಹೇಳುವಂಥದ್ದೇನಿಲ್ಲ. ಒಟ್ಟು ಸೇರಿದ್ದು ಪಿಐಸಿ 16.2, ಭಾರತದ ಲೆಕ್ಕ 102.2ಕ್ಕೆ ಬಂತು. ಡ್ಯುಯಲ್ ಸೇರಿ ಹಾರಿದ್ದು 17.3 ಗಂಟೆ, ಬಾಡಿಗೆಯೇ ಸುಮಾರು 3,030 ಡಾಲರ್. ಹಂಚಿಕೊಂಡು ಉಳಿಸಿದ್ದು ಹೆಚ್ಚುಕಮ್ಮಿ ಇಲ್ಲೇ ಕರಗಿತು.

ಬರವಣಿಗೆಯಲ್ಲಿ ಹಾಳಾಗುವುದು

ಹಾಬ್ಸ್ ಮೀಟರ್ ಗಂಟೆಯನ್ನು ಹತ್ತು ಭಾಗ ಮಾಡುತ್ತದೆ. ಇಲ್ಲಿನ ಲಾಗ್‌ಬುಕ್‌ಗೆ ಗಂಟೆ, ನಿಮಿಷ ಬೇಕು. 0.1 ಎಂದರೆ 6 ನಿಮಿಷ. 1.4 ಎಂದರೆ 1 ಗಂಟೆ 24 ನಿಮಿಷ, 1 ಗಂಟೆ 40 ಅಲ್ಲ. ರಾತ್ರಿ ಕೂತು ಮುನ್ನೂರು ಸಾಲು ನಕಲು ಮಾಡುವಾಗ ಈ ತಪ್ಪು ಆಗದೇ ಇರುವುದು ಅಪರೂಪ. ಹುಡುಗ ಮೊದಲ ಸಲ ಪಿಐಸಿ ಮೊತ್ತವನ್ನು 102:20 ಎಂದು ಬರೆದಿದ್ದ; ಅದು 102:12. ಒಂದು ಸೋಲೋ ಎರಡು ಪುಟದಲ್ಲಿ ಬಂದದ್ದು ಆಮೇಲೆ ಸಿಕ್ಕಿತು, 36 ನಿಮಿಷ ಹೋಯಿತು. ಉಳಿದದ್ದು 101:36. ಗುರಿಯನ್ನು 20 ಗಂಟೆ ಇಟ್ಟುಕೊಂಡಿದ್ದರೆ ಆ ರಾತ್ರಿ ನಿದ್ದೆ ಬರುತ್ತಿತ್ತು.

ತಾರೀಖು ಇನ್ನೊಂದು ಹುತ್ತ. ಅಮೆರಿಕದಲ್ಲಿ ತಿಂಗಳು ಮೊದಲು, 06/07 ಎಂದರೆ ಜೂನ್ 7. ಇಲ್ಲಿ ಅದೇ ಜುಲೈ 6. ತಿಂಗಳನ್ನು ಅಕ್ಷರದಲ್ಲಿ ಬರೆಯುವುದೇ ಮದ್ದು. ಯುಟಿಸಿಯಲ್ಲಿ, ಅಂದರೆ ಎಲ್ಲ ದೇಶಕ್ಕೂ ಒಂದೇ ಆದ ವಿಶ್ವ ಸಮಯದಲ್ಲಿ, ಬರೆಯಲು ಹೊರಟರೆ ಫ್ಲಾರಿಡಾದ ಬೇಸಿಗೆಯಲ್ಲಿ ರಾತ್ರಿ 8 ಗಂಟೆಯಿಂದಾಚೆಗೆ ತಾರೀಖು ಮಾರನೇ ದಿನಕ್ಕೆ ಹಾರುತ್ತದೆ. ಆಗ ಲಾಗ್‌ಬುಕ್ಕಿನ ರಾತ್ರಿ ಹಾರಾಟಕ್ಕೂ ಬಾಡಿಗೆ ಬಿಲ್ಲಿಗೂ ಒಂದು ದಿನದ ವ್ಯತ್ಯಾಸ. ಯಾವುದಾದರೂ ಒಂದು ಪದ್ಧತಿ ಹಿಡಿದು, ಪುಟದ ಮೇಲೆ ಯಾವುದೆಂದು ಬರೆದರೆ ಸಾಕು.

ಸಹಿಯ ವಿಚಾರದಲ್ಲಿ ಮೋಸ ಹೋಗುವುದು ಮೂರು ಅಕ್ಷರದಿಂದ. ಭಾರತದಲ್ಲಿ ಸಿಎಫ್‌ಐ ಎಂದರೆ ಶಾಲೆಯ ಚೀಫ್ ಫ್ಲೈಯಿಂಗ್ ಇನ್‌ಸ್ಟ್ರಕ್ಟರ್. ಅಮೆರಿಕದಲ್ಲಿ ಅದೇ ಸಿಎಫ್‌ಐ ಎಂದರೆ ಲೈಸೆನ್ಸ್ ಪಡೆದ ಯಾವ ಇನ್‌ಸ್ಟ್ರಕ್ಟರ್ ಬೇಕಾದರೂ ಆಗಬಹುದು, ಮೊನ್ನೆ ಪಾಸಾದ ಇಪ್ಪತ್ತೆರಡರ ಹುಡುಗನೂ ಸಹ. ಲಾಗ್‌ಬುಕ್ ದೃಢೀಕರಣಕ್ಕೆ ಶಾಲೆಯ ಮುಖ್ಯಸ್ಥರ ಸಹಿ, ಅವರ ಸರ್ಟಿಫಿಕೇಟ್ ನಂಬರ್, ಶಾಲೆಯ ಲೆಟರ್‌ಹೆಡ್‌ನಲ್ಲಿ ಗಂಟೆಗಳ ವಿಂಗಡಣೆ ತೆಗೆದುಕೊಂಡೇ ಹೊರಡಬೇಕು. ಆ ವಿಂಗಡಣೆಯಲ್ಲಿ ಒಬ್ಬನೇ ಹಾರಿದ ಪಿಐಸಿ ಬೇರೆ, ಇನ್‌ಸ್ಟ್ರಕ್ಟರ್ ಜತೆಗಿನ ಪಿಐಸಿ ಬೇರೆ, ಸೇಫ್ಟಿ ಪೈಲಟ್ ಜತೆಗಿನದು ಬೇರೆ ಎಂದು ಮೂರು ಸಾಲು ಇರಲಿ. ವಾಪಸ್ ಬಂದ ಮೇಲೆ ಮೇಲ್ ಬರೆದು ಇದನ್ನು ತರಿಸುವಷ್ಟರಲ್ಲಿ ಆ ಮುಖ್ಯಸ್ಥರು ಬೇರೆ ಕೆಲಸಕ್ಕೆ ಹೋಗಿರುತ್ತಾರೆ.

ಅಮೆರಿಕದ ಲೈಸೆನ್ಸ್ ಅಸಲಿ ಎಂದು ಡಿಜಿಸಿಎಗೆ ತಿಳಿಸುವಂತೆ ಕೋರುವ ಅರ್ಜಿಯನ್ನು ಒಕ್ಲಹೋಮ ಸಿಟಿಯ ಎಫ್‌ಎಎ ಕಚೇರಿಗೆ ಹುಡುಗ ಅಲ್ಲಿರುವಾಗಲೇ ಹಾಕಿದ. ಉಳಿದದ್ದು ಟೆಸ್ಟ್‌ಗಳು: ಹಗಲು ಮತ್ತು ರಾತ್ರಿಯ ಜನರಲ್ ಫ್ಲೈಯಿಂಗ್ ಟೆಸ್ಟ್, ಹಗಲಿನ 250 ಮೈಲಿ, ರಾತ್ರಿ ಎಲ್ಲೂ ಇಳಿಯದೆ ಹೊರಟಲ್ಲಿಗೇ ಬರುವ 120 ಮೈಲಿ. ಇವಕ್ಕೂ 6 ತಿಂಗಳ ಗಡಿ ಇರುವುದರಿಂದ ಅಲ್ಲಿ ಮಾಡದೆ ಊರಿಗೆ ಬಂದ ಮೇಲಕ್ಕೆ ಇಟ್ಟುಕೊಂಡ. ಕ್ಲಾಸ್ 1 ಮೆಡಿಕಲ್‌ಗೆ ಒಂದೇ ವರ್ಷದ ಆಯುಸ್ಸು, ಅದು ಆಗಲೇ ಮುಗಿದಿತ್ತು. ಬಂದ ವಾರವೇ ಬೆಂಗಳೂರು.

ಹೊಸದಾಗಿ ಸೇರಿದ 16.2 ಗಂಟೆಯಲ್ಲಿ ಮೊದಲನೆಯದು ಹಾರಿದ ದಿನ ಜೂನ್ 9. ಡಿಸೆಂಬರ್ 9 ದಾಟಿ ಅರ್ಜಿ ಹೋದರೆ 6 ತಿಂಗಳ ಆಚೆಗೆ ಅದು ಉದುರುತ್ತದೆ, ಮಾರನೇ ದಿನ ಇನ್ನೊಂದು. 15ಕ್ಕಿಂತ ಮೇಲಿರುವುದು 1.2 ಗಂಟೆ ಮಾತ್ರ. ರೈಟರು ಆ ತಾರೀಖನ್ನು ಆಫೀಸ್ ರೂಮಿನ ಕ್ಯಾಲೆಂಡರಿನಲ್ಲಿ, ಅರೇಬಿಕಾ ಕೊಯ್ಲಿನ ಗುರುತುಗಳ ನಡುವೆ, ಕೆಂಪು ಶಾಯಿಯಲ್ಲಿ ಸುತ್ತು ಹಾಕಿಟ್ಟಿದ್ದಾರೆ.